ಒಂದೇ ಐಪಿ ವಿಳಾಸ, ಮೂರು ಯಂತ್ರಗಳು: ಹೆಸರು ನೋಡಿ ಎಸ್‌ಎಸ್‌ಎಚ್ ಸಂಪರ್ಕವನ್ನು ತಿರುಗಿಸಬಹುದೇ?

ಪ್ರಶ್ನೆ

ನನ್ನ ಬಳಿ ಇರುವುದು ಒಂದೇ ಸಾರ್ವಜನಿಕ ಐಪಿವಿ4 ವಿಳಾಸ. ಅದರ ಹಿಂದೆ ಮೂರು ವರ್ಚುವಲ್ ಯಂತ್ರಗಳಿದ್ದು, ಮೂರಕ್ಕೂ ಬೇರೆ ಬೇರೆ ಹೆಸರುಗಳನ್ನು ಡಿಎನ್‌ಎಸ್‌ನಲ್ಲಿ ನಮೂದಿಸಿದ್ದೇನೆ. ವೆಬ್ ಕೋರಿಕೆಗಳನ್ನು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹೆಸರು ನೋಡಿಯೇ ಸರಿಯಾದ ಯಂತ್ರಕ್ಕೆ ಕಳುಹಿಸುತ್ತದೆ. ಆದರೆ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನಲ್ಲಿ ಯಾವ ಹೆಸರು ಕೊಟ್ಟರೂ ಮೊದಲ ಯಂತ್ರವೇ ತೆರೆದುಕೊಳ್ಳುತ್ತದೆ, ಯಂತ್ರದ ಗುರುತಾದ ಫಿಂಗರ್‌ಪ್ರಿಂಟ್ ಕೂಡ ಒಂದೇ ಬರುತ್ತದೆ. ಇದಕ್ಕೆ ವೆಬ್‌ನ ವರ್ಚುವಲ್ ಹೋಸ್ಟ್‌ನಂಥ, ಅಂದರೆ ಹೆಸರು ನೋಡಿ ಕಳುಹಿಸುವ, ವ್ಯವಸ್ಥೆ ಇದೆಯೇ?

ಉತ್ತರ 1

ಇಲ್ಲ. ನೀವು ಟೈಪ್ ಮಾಡಿದ ಹೆಸರು ಸರ್ವರ್‌ವರೆಗೆ ಹೋಗುವುದೇ ಇಲ್ಲ. ಕ್ಲೈಂಟ್ ಅದನ್ನು ಐಪಿ ವಿಳಾಸವಾಗಿ ಪರಿವರ್ತಿಸಿಕೊಳ್ಳುತ್ತದೆ, ಆಮೇಲೆ ಸರ್ವರ್‌ನ ಗುರುತಾದ ಹೋಸ್ಟ್ ಕೀಯನ್ನು ತನ್ನ ಪಟ್ಟಿಯೊಡನೆ ತಾಳೆ ನೋಡಲು ಮಾತ್ರ ಆ ಹೆಸರನ್ನು ಬಳಸುತ್ತದೆ. ಸಂಪರ್ಕವಾದೊಡನೆ ಎರಡೂ ಕಡೆಯವರು 'ಎಸ್‌ಎಸ್‌ಎಚ್-2.0' ಎಂದು ಆರಂಭವಾಗುವ ಸಾಲನ್ನು ಕಳುಹಿಸಿ, ನೇರವಾಗಿ ಕೀ ವಿನಿಮಯಕ್ಕೆ ಇಳಿಯುತ್ತಾರೆ; ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ವೆಬ್‌ನ ಎಚ್‌ಟಿಟಿಪಿ 1.1ರಲ್ಲಿ ತಾಣದ ಹೆಸರು ಹೇಳುವ ಹೋಸ್ಟ್ ಹೆಡರ್ ಇದೆ, ಸಂಪರ್ಕವನ್ನು ಗೂಢಲಿಪೀಕರಿಸುವ ಟಿಎಲ್‌ಎಸ್‌ಗೆ 2003ರ ಆರ್‌ಎಫ್‌ಸಿ (ಅಂತರ್ಜಾಲ ಮಾನದಂಡದ ದಾಖಲೆ) 3546, ಸರ್ವರ್‌ನ ಹೆಸರನ್ನು ಆರಂಭದಲ್ಲೇ ತಿಳಿಸುವ ಎಸ್‌ಎನ್‌ಐ ವಿಸ್ತರಣೆಯನ್ನು ಸೇರಿಸಿತು. 2006ರ ಆರ್‌ಎಫ್‌ಸಿ 4253ರಲ್ಲಿ, ಅಂದರೆ ಎಸ್‌ಎಸ್‌ಎಚ್‌ನ ಸಾಗಣೆ ಪದರದಲ್ಲಿ, ಅಂಥದ್ದೇನೂ ಇಲ್ಲ. ಬಳಕೆದಾರರ ಹೆಸರು ಹೋಗುತ್ತದೆ ನಿಜ, ಆದರೆ ಅದು ಹೋಗುವುದು ಗೂಢಲಿಪೀಕರಣ ಶುರುವಾದ ಮೇಲೆ.

ಉತ್ತರ 2

ಕಾರಣ ಸರಿಯಾಗಿದೆ, ದಾರಿಯೂ ಇದೆ. ಮೊದಲ ಯಂತ್ರವನ್ನೇ ಜಂಪ್ ಹೋಸ್ಟ್, ಅಂದರೆ ಉಳಿದವುಗಳಿಗೆ ದಾಟಿಸುವ ನಡುವಿನ ಯಂತ್ರ, ಮಾಡಿಕೊಂಡು, ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್ ಕಡತದಲ್ಲಿ ಉಳಿದೆರಡು ಯಂತ್ರಗಳ ಹೋಸ್ಟ್ ವಿಭಾಗದೊಳಗೆ 'ಪ್ರಾಕ್ಸಿಜಂಪ್' ಸಾಲು ಬರೆದರೆ, ಹೆಸರು ಕೊಟ್ಟ ಕೂಡಲೇ ಸರಿಯಾದ ಯಂತ್ರ ಸಿಗುತ್ತದೆ. ಓಪನ್‌ಎಸ್‌ಎಸ್‌ಎಚ್ 7.3ರಿಂದ, ಅಂದರೆ 2016ರಿಂದ, ಈ ಸೌಲಭ್ಯವಿದೆ. ಒಳಗಿನ ಯಂತ್ರದೊಡನೆ ಕೀ ವಿನಿಮಯ ಮಾಡುವುದು ನಿಮ್ಮ ಕ್ಲೈಂಟೇ ಆದ್ದರಿಂದ ನಡುವಿನ ಯಂತ್ರಕ್ಕೆ ಕಾಣುವುದು ಗೂಢಲಿಪಿ ಮಾತ್ರ. ಅಲ್ಲಿ ಟಿಸಿಪಿ ಫಾರ್ವರ್ಡಿಂಗ್‌ಗೆ, ಅಂದರೆ ಸಂಪರ್ಕವನ್ನು ಮುಂದಕ್ಕೆ ದಾಟಿಸಲು, ಅನುಮತಿ ಇರಬೇಕು. 'ಪರ್ಮಿಟ್‌ಓಪನ್' ಮೂಲಕ ಅದನ್ನು ಆ ಎರಡು ಯಂತ್ರಗಳಿಗಷ್ಟೇ ಸೀಮಿತಗೊಳಿಸುವುದು ಒಳ್ಳೆಯದು. ಒಂದು ಎಚ್ಚರಿಕೆ: ಗುರಿಯ ಹೆಸರು ವಿಳಾಸವಾಗುವುದು ಜಂಪ್ ಹೋಸ್ಟ್‌ನಲ್ಲಿ, ನಿಮ್ಮ ಯಂತ್ರದಲ್ಲಲ್ಲ.

ಉತ್ತರ 3

ಐಪಿವಿ6 ಲಭ್ಯವಿದ್ದರೆ ಯಂತ್ರಕ್ಕೊಂದು ವಿಳಾಸ ಕೊಟ್ಟುಬಿಡಿ, ಈ ತಾಪತ್ರಯವೇ ಇರುವುದಿಲ್ಲ. ಇಲ್ಲವಾದರೆ ಬೇರೆ ಬೇರೆ ಪೋರ್ಟ್‌ಗಳೂ ಸಾಕು. ಎಸ್‌ಎಸ್‌ಎಚ್ ಅನ್ನು ಟಿಎಲ್‌ಎಸ್‌ನೊಳಗೆ ಸುತ್ತಿ, ಎಚ್‌ಎಪ್ರಾಕ್ಸಿ ಎಂಬ ಸಂಪರ್ಕ ಹಂಚುವ ತಂತ್ರಾಂಶದಿಂದ ಎಸ್‌ಎನ್‌ಐ ಓದಿಸಿ ತಿರುಗಿಸುವ ವಿಧಾನವೂ ಇದೆ, ಅದು ಕೆಲಸವನ್ನೂ ಮಾಡುತ್ತದೆ; ಆದರೆ ಪ್ರತಿಯೊಬ್ಬ ಬಳಕೆದಾರರೂ ತಮ್ಮ ಕ್ಲೈಂಟ್‌ನಲ್ಲಿ 'ಪ್ರಾಕ್ಸಿಕಮಾಂಡ್' (ಬೇರೆ ಆದೇಶದ ಮೂಲಕ ಸಂಪರ್ಕಿಸುವ ಸಾಲು) ಹೊಂದಿಸಿಕೊಳ್ಳಲೇಬೇಕಾದ ಮೇಲೆ ಪ್ರಾಕ್ಸಿಜಂಪ್‌ಗಿಂತ ಅದರಿಂದ ಹೆಚ್ಚಿನ ಲಾಭವೇನೆಂದು ನನಗೆ ತೋಚುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಪ್ರಾಕ್ಸಿಜಂಪ್ ಹಾಕಿದ ಮೇಲೂ ಮೊದಲ ಯಂತ್ರಕ್ಕೇ ಮರಳಿ ಬರುತ್ತಿದ್ದೆ, ಏಕೆಂದರೆ ಅಲ್ಲಿಯೂ ಆ ಹೆಸರುಗಳು ಸಾರ್ವಜನಿಕ ವಿಳಾಸವನ್ನೇ ಕೊಡುತ್ತಿದ್ದವು. ಅದರ ಹೋಸ್ಟ್ಸ್ ಕಡತದಲ್ಲಿ ಒಳಗಿನ ವಿಳಾಸಗಳನ್ನು ಬರೆದು, ನನ್ನ ಕ್ಲೈಂಟ್‌ನ ಪರಿಚಿತ ಹೋಸ್ಟ್‌ಗಳ ಕಡತದಿಂದ ಹಳೆಯ ಎರಡು ನಮೂದುಗಳನ್ನು ತೆಗೆದ ಮೇಲೆ ಮೂರು ಹೆಸರಿಗೆ ಮೂರು ಬೇರೆ ಫಿಂಗರ್‌ಪ್ರಿಂಟ್‌ಗಳು ಬಂದಿವೆ.