ಟೀವಿ ವೆಬ್‌ಸೈಟಿನ 'ಫೋಕಸ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಒಂದೇ ಒಂದು ಪದಕ್ಕೆ ನಾಲ್ಕು ದಿನದಿಂದ ಒದ್ದಾಡ್ತಾ ಇದೀನಿ.

ಟೀವಿಯಲ್ಲೇ ತೆರೆಯೋ ವೆಬ್‌ಸೈಟ್ ಒಂದಕ್ಕೆ ಕನ್ನಡ ಬರಹ ಹಾಕ್ತಿದೀನಿ. ಅಲ್ಲಿ ಮೌಸಿಲ್ಲ, ಬೆರಳಲ್ಲಿ ಮುಟ್ಟೋ ಹಾಗೂ ಇಲ್ಲ, ರಿಮೋಟಿನ ನಾಲ್ಕು ಬಾಣದ ಬಟನ್ನು ಮಧ್ಯ ಒಂದು ಓಕೆ, ಅಷ್ಟೇ. ಬಾಣ ಒತ್ತಿದ ಹಾಗೆಲ್ಲ ಒಂದು ಚಿತ್ರದಿಂದ ಪಕ್ಕದ ಚಿತ್ರಕ್ಕೆ ದಪ್ಪ ಅಂಚಿನ ಚೌಕ ಹಾರ್ಕೊಂಡು ಹೋಗುತ್ತಲ್ಲ, ಅದಕ್ಕೆ ಡೆವಲಪರ್‌ಗಳು ಫೋಕಸ್ ಅಂತಾರೆ. ಹೊಸದೇನಲ್ಲ ಬಿಡಿ, 1996ರಲ್ಲಿ ಅಮೆರಿಕದಲ್ಲಿ ವೆಬ್‌ಟಿವಿ ಅಂತ ಡಬ್ಬ ಬಂತು, ಸೋನಿ ಫಿಲಿಪ್ಸ್ ಎರಡೂ ಮಾಡಿ ಮಾರ್ತಿದ್ರು, ಫೋನ್ ಲೈನಿಗೂ ಮನೆ ಟೀವಿಗೂ ಸಿಕ್ಕಿಸಿದ್ರೆ ಇಂಟರ್‌ನೆಟ್ಟು, ಅದ್ರಲ್ಲೂ ಲಿಂಕಿಂದ ಲಿಂಕಿಗೆ ಹಳದಿ ಚೌಕ ಹಾರ್ತಿತ್ತು. ಅದಕ್ಕೆ ಪೇಜ್ ಮಾಡೋರ ಪಾಡು ಕೇಳ್ಬೇಡಿ: ಅಗಲ 544 ಪಿಕ್ಸೆಲ್, ಅಡ್ಡಕ್ಕೆ ಸ್ಕ್ರಾಲೇ ಇಲ್ಲ, ಒಂದು ಪಿಕ್ಸೆಲ್ಲಿನ ಅಡ್ಡಗೆರೆ ಎಳೆದ್ರೆ ಹಳೇ ಟೀವಿಯಲ್ಲಿ ಮಿಣಮಿಣ ಅಂತ ಕಣ್ಣು ಕುಕ್ಕೋದು. 1997ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಂಡು 2013ರಲ್ಲಿ ಬಾಗ್ಲು ಹಾಕ್ತು.

ಸರಿ, ಪದಕ್ಕೆ ಬರ್ತೀನಿ. ನಂಗೆ ಬಂದ ಫೈಲಲ್ಲಿ ಮೆಷಿನ್ನು ಮಾಡಿದ ಅನುವಾದ "ಗಮನವನ್ನು ಬಲಕ್ಕೆ ಸರಿಸಿ" ಅಂತಿತ್ತು. ಓದಿದ್ರೆ ಪಕ್ಕದ ಬೆಂಚಿನ ಕಡೆ ನೋಡ್ತಿರೋ ಹುಡುಗನಿಗೆ ಮೇಷ್ಟ್ರು ಉಲ್ಟಾ ಹೇಳ್ದಂಗಿದೆ. ವಿಜ್ಞಾನದ ಪುಸ್ತಕದ 'ಸಂಗಮ' ಮಸೂರದ್ದು, ಇಲ್ಲಿಗೆ ಆಗಲ್ಲ. ತುಂಬ ಕಡೆ 'ಆಯ್ಕೆ' ಅಂತ ಹಾಕಿರ್ತಾರೆ, ನಂಗೆ ಜಗಳ ಇರೋದೇ ಅದರ ಜೊತೆ. ಫೋನಲ್ಲಿ ಮುಟ್ಟಿದ್ರೆ ಮುಗೀತು, ತೆರ್ಕೊಂಡೇಬಿಡುತ್ತೆ. ಟೀವಿಯಲ್ಲಿ ಹಾಗಲ್ಲ, ಚೌಕ ಅದರ ಮೇಲೆ ಬಂದಿದೆ ಆದ್ರೆ ಓಕೆ ಇನ್ನೂ ಒತ್ತಿಲ್ಲ, ಆ ನಡುವಿನ ಸ್ಥಿತಿಗೆ "ಆಯ್ಕೆಯಾಗಿದೆ" ಅಂದ್ಬಿಟ್ರೆ ನೋಡೋರು ಓಕೆ ಒತ್ತದೇ ಕಾಯ್ತಾ ಕೂರ್ತಾರೆ.

ಇದು ಊಹೆ ಅಲ್ಲ, ಊರಲ್ಲಿ ಅಮ್ಮನ ಟೀವಿಗೆ ಟೆಸ್ಟ್ ಪೇಜ್ ಹಾಕ್ಕೊಟ್ಟು ಬಂದಿದ್ದೆ, ಅವರು ಹಾಗೇ ಐದು ನಿಮಿಷ ಕಾದು ಆಮೇಲೆ ಫೋನ್ ಮಾಡಿದ್ರು. ಓಕೆ ಒತ್ತಮ್ಮ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು, "ಕೆಳಗಿನ ಸಾಲಿಗೆ ಹೋಗಿ ಕೂತ್ಬಿಟ್ಟಿದೆ ಕಣೋ, ಏಳ್ತಾನೇ ಇಲ್ಲ". ನನ್ನದೇ ತಪ್ಪು ಅದು, ಕೋಡಲ್ಲಿ ಆ ಸಾಲಿಂದ ಮೇಲಕ್ಕೆ ದಾರಿ ಬರೆಯೋದು ಬಿಟ್ಟಿದ್ದೆ. ಆದ್ರೆ 'ಕೂತಿದೆ' ಅನ್ನೋ ಮಾತು ಎಷ್ಟು ಚೆನ್ನಾಗಿದೆ ನೋಡಿ! ಯಾವ ಮನೇಲಿ ಕೂತಿದೆಯಮ್ಮ ಅಂತ ನಾನೂ ಕೇಳ್ಬಿಟ್ಟೆ, ಕವಡೆ ಹಾಕಿ ಮನೆಯಿಂದ ಮನೆಗೆ ಕಾಯಿ ನಡೆಸೋ ಚೌಕಾಬಾರ ಆಡೋವಾಗ ಕೇಳೋ ಹಾಗೆ.

ಅಲ್ಲಿಂದ ತಲೇಲಿ ಒಂದು ಹುಳ: ಪರದೆ ಮೇಲಿನ ಒಂದೊಂದು ಚಿತ್ರಾನೂ 'ಮನೆ', ಓಡಾಡೋ ಚೌಕ 'ಕಾಯಿ'. "ಕಾಯಿಯನ್ನು ಬಲಕ್ಕೆ ನಡೆಸಿ, ಓಕೆ ಒತ್ತಿ." ನಂಗಂತೂ ಖುಷಿಯಾಯ್ತು, ಆದ್ರೆ ಜೊತೆಗೆ ಕೆಲಸ ಮಾಡೋ ಹುಡುಗಿ ತೆಂಗಿನಕಾಯಾ ಸಾರ್ ಅಂತ ನಕ್ಕಳು, ಅವಳು ಚೌಕಾಬಾರ ಆಡೇ ಇಲ್ವಂತೆ.

ಹಾಗಾಗಿ ಕೇಳ್ತಿದೀನಿ. ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ಯಾ? ಅಥವಾ ನಾಮಪದಾನೇ ಬಿಟ್ಟು "ಬೇಕಾದ ಚಿತ್ರದ ಮೇಲೆ ಚೌಕ ಕೂತ ಮೇಲೆ ಓಕೆ ಒತ್ತಿ" ಅಂತ ಬರೆದ್ರೆ ಧಾರವಾಡ, ಮಂಗಳೂರು ಕಡೆಯವರಿಗೂ ಸಲೀಸಾಗಿ ಅರ್ಥ ಆಗುತ್ತಾ, ಅಲ್ಲಿ 'ಕೂರೋದು' ಬೇರೆ ಥರ ಕೇಳಿಸುತ್ತಾ?