ಹಿನ್ನೀರಿನ ದೋಣಿ ಶೆಡ್ಡಿಗೆ ಮನೆಯಿಂದ 300 ಮೀಟರ್ ಕರೆಂಟ್ ಎಳೆಯಬಹುದಾ?

ಪ್ರಶ್ನೆ: ನಮ್ಮದು ತುಮರಿ ಕಡೆ, ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಚಿಕ್ಕ ಹೋಂಸ್ಟೇ. 2025ರಲ್ಲಿ ಸೇತುವೆ ಆದಮೇಲೆ ಬರುವವರು ಜಾಸ್ತಿಯಾಗಿದ್ದಾರೆ. ಮನೆಯ ಬೋರ್ಡಿನಿಂದ ದೋಣಿ ಶೆಡ್ಡಿಗೆ ಟೇಪು ಹಿಡಿದು ಅಳೆದೆ, 300 ಮೀಟರ್. ಅಲ್ಲಿಂದ ಮುಂದೆ ಡ್ರಮ್ಮಿನ ಮೇಲೆ ತೇಲುವ ಜೆಟ್ಟಿ. ಬೇಕಾಗಿರುವುದು ನಾಲ್ಕು ಲೈಟು, ದೋಣಿ ಮೋಟರಿನ ಬ್ಯಾಟರಿ (12 ವೋಲ್ಟ್, 100 ಎಎಚ್) ಚಾರ್ಜ್ ಮಾಡಲು ಒಂದು ಪಾಯಿಂಟು, ಕೆಸರು ತೊಳೆಯಲು 1 ಎಚ್‌ಪಿ ಪಂಪು. ವೈರಿಂಗ್ ಹುಡುಗ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಸಾಕು, ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗೋಣ ಅನ್ನುತ್ತಾನೆ. ಸರಿನಾ? ಇದೇ ನೀರಿನಿಂದ ಶರಾವತಿಯಲ್ಲಿ ಸಾವಿರ ಮೆಗಾವ್ಯಾಟ್ ಕರೆಂಟ್ ಮಾಡುತ್ತಾರೆ. ಅದರ ದಡದಲ್ಲಿ ಕೂತು ನಾಲ್ಕು ಬಲ್ಬಿಗೆ ಪರದಾಡುವ ಗತಿ ನಮ್ಮದು!

ಉತ್ತರ (ಎಲೆಕ್ಟ್ರಿಕಲ್ ಗುತ್ತಿಗೆದಾರ, ಸಾಗರ): ಆ ಹುಡುಗನಿಗೆ ಬೇಡ ಅಂತ ಹೇಳಿ. ಮರಕ್ಕೆ ಕಟ್ಟುವುದಂತೂ ಬೇಡವೇ ಬೇಡ, ಮೊದಲ ಗಾಳಿಮಳೆಗೆ ಕೊಂಬೆ ಬಿದ್ದು ತುಂಡಾಗುತ್ತದೆ.

ಪಂಪಿನಿಂದ ಶುರು ಮಾಡೋಣ. ಹೋಗಿ ಬರುವ ದಾರಿ ಸೇರಿ 600 ಮೀಟರ್ ವೈರು. 2.5 ತಾಮ್ರದಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 4.4 ಓಮ್. 1 ಎಚ್‌ಪಿ ಪಂಪು ಓಡುವಾಗ 7 ಆಂಪ್ ಎಳೆದರೆ ದಾರಿಯಲ್ಲೇ 31 ವೋಲ್ಟ್ ಹೋಯಿತು. ಸ್ಟಾರ್ಟ್ ಆಗುವಾಗ ಅದು 30 ಆಂಪ್ ಕೇಳುತ್ತದೆ. 30ನ್ನು 4.4ರಿಂದ ಗುಣಿಸಿ ನೋಡಿ, 132 ವೋಲ್ಟ್ ವೈರಿನ ಪಾಲು. ಪಂಪು ಸುಮ್ನೆ ಗುಂಯ್ ಅನ್ನುತ್ತಾ ನಿಂತು ಬಿಸಿಯಾಗುತ್ತದೆ. ಎರಡು ವಾರದಲ್ಲಿ ವೈಂಡಿಂಗ್ ಸುಟ್ಟು ನನ್ನ ಹತ್ತಿರವೇ ತರುತ್ತೀರಿ.

ಪಂಪು ಸುಟ್ಟರೆ ದುಡ್ಡು ಹೋಗುತ್ತದೆ, ಅಷ್ಟೇ. ನನಗೆ ಹೆದರಿಕೆ ಇರುವುದು ಬೇರೆ ಕಡೆ. ಜೆಟ್ಟಿಯ ಕಬ್ಬಿಣಕ್ಕೆ ಫೇಸ್ ತಾಗಿತು ಅಂದುಕೊಳ್ಳಿ. ಅರ್ಥ್ ವೈರೂ ಅಷ್ಟೇ ಸಣ್ಣದಿದ್ದರೆ ಹೆಚ್ಚೆಂದರೆ 52 ಆಂಪ್ ಹರಿಯುತ್ತದೆ. ಸಿ ಟೈಪಿನ 16 ಆಂಪ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ತಕ್ಷಣ ಬೀಳಬೇಕಾದರೆ ಕನಿಷ್ಠ 80 ಆಂಪ್ ಬೇಕು. ಹಾಗಾಗಿ ಅದು ಹಲವು ಸೆಕೆಂಡ್ ಸುಮ್ಮನಿರುತ್ತದೆ. ಆ ಹೊತ್ತಿಗೆ ಯಾರೋ ಜೆಟ್ಟಿ ಪಕ್ಕ ಈಜುತ್ತಿದ್ದರೆ? ಹಿನ್ನೀರು ಸಿಹಿನೀರು. ಅದಕ್ಕಿಂತ ಮನುಷ್ಯನ ಮೈಯಲ್ಲೇ ಕರೆಂಟ್ ಸಲೀಸಾಗಿ ಹರಿಯುತ್ತದೆ. ಸ್ನಾಯು ಬಿಗಿದುಕೊಂಡು ಕೈಕಾಲು ಆಡುವುದಿಲ್ಲ, ಆಸಾಮಿ ಮುಳುಗುತ್ತಾನೆ. ನೋಡಿದವರು ಈಜು ಬರದೆ ಸತ್ತ ಅಂದುಕೊಳ್ಳುತ್ತಾರೆ.

ಅದಕ್ಕೆ ನನ್ನ ಸಲಹೆ: ನೀರಿನ ಹತ್ತಿರ 230 ವೋಲ್ಟ್ ಒಯ್ಯಲೇಬೇಡಿ. ಶೆಡ್ಡಿನ ಮೇಲೆ ಸೋಲಾರ್ ಹಾಕಿ. 9 ವ್ಯಾಟಿನ ನಾಲ್ಕು ಡಿಸಿ ಬಲ್ಬು ಐದು ಗಂಟೆ ಉರಿದರೆ 180 ವ್ಯಾಟ್ ಅವರ್. ದೋಣಿ ಬ್ಯಾಟರಿ ದಿನಕ್ಕೆ ಅರ್ಧಕ್ಕಿಂತ ತುಸು ಜಾಸ್ತಿ ಖಾಲಿಯಾದರೆ ಇನ್ನೊಂದು 700. 330 ವ್ಯಾಟಿನ ಒಂದು ಪ್ಯಾನೆಲ್ ಬಿಸಿಲುಗಾಲದಲ್ಲಿ ಇದನ್ನು ತೂಗಿಸುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಕರೆಂಟ್ ಹದ ಮಾಡಿ ಕೊಡುವ ಚಾರ್ಜ್ ಕಂಟ್ರೋಲರ್ ಮಾತ್ರ ಎಂಪಿಪಿಟಿಯದೇ (ಪ್ಯಾನೆಲ್ಲಿನ ಪೂರ್ತಿ ಶಕ್ತಿ ಹಿಂಡುವ ಜಾತಿ) ಇರಲಿ. ಅಗ್ಗದ್ದು ತಂದರೆ ದೊಡ್ಡ ಪ್ಯಾನೆಲ್ಲಿನ ಅರ್ಧ ಶಕ್ತಿ ಪೋಲು. ತೊಳೆಯಲು 12 ವೋಲ್ಟಿನ ಡಯಾಫ್ರಮ್ ಪಂಪು ಸಾಕು. ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಒಳಗೆ ಇರುತ್ತದಲ್ವಾ, ಅದೇ ಜಾತಿ.

ಇನ್ನೊಬ್ಬ ಸದಸ್ಯರು: ಸರ್, ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಸೂರ್ಯನ ಮುಖವೇ ಕಾಣುವುದಿಲ್ಲ. ಸೋಲಾರ್ ಏನು ಮಾಡುತ್ತದೆ? ಮನೆಯಿಂದಲೇ 12 ವೋಲ್ಟ್ ಎಳೆದರೆ ಆಗದಾ?

ಉತ್ತರ: ಮನೆಯಿಂದ 12 ವೋಲ್ಟ್ ಎಳೆಯುವುದು ಆಗದ ಮಾತು. ನಾಲ್ಕು ಬಲ್ಬಿಗೆ 3 ಆಂಪ್, ವೈರು 4.4 ಓಮ್. 13 ವೋಲ್ಟ್ ಆಯಿತು. ಇರುವ 12ನ್ನೂ ವೈರೇ ನುಂಗಿತು, ಬಲ್ಬಿಗೆ ಏನು ಉಳಿಯಿತು?

ಮಳೆಗಾಲದ ಮಾತು ಒಪ್ಪುತ್ತೇನೆ. ಆದರೆ ಆ ಮಳೆಯಲ್ಲಿ ಅತಿಥಿಗಳನ್ನು ದೋಣಿಯಲ್ಲಿ ಕೂರಿಸುತ್ತೀರಾ? ಬರೀ ಲೈಟಿಗಾದರೆ 100 ಎಎಚ್‌ನ ಒಂದು ಬ್ಯಾಟರಿಯನ್ನು ಅರ್ಧ ಬಳಸಿದರೂ ಮೂರು ರಾತ್ರಿ ಬರುತ್ತದೆ. ದೋಣಿ ಬ್ಯಾಟರಿ ಲಿಥಿಯಂನದಾದರೆ ಹನ್ನೆರಡು ಹದಿಮೂರು ಕೇಜಿ. ಮನೆಗೆ ಹೊತ್ತು ತಂದು ಚಾರ್ಜ್ ಮಾಡಿ. ಲೆಡ್ ಆಸಿಡ್‌ದು ಮೂವತ್ತು ಕೇಜಿ ಹತ್ತಿರ, ಅದನ್ನು ಗುಡ್ಡ ಹತ್ತಿಸುವುದು ಸೊಂಟಕ್ಕೆ ಒಳ್ಳೆಯದಲ್ಲ.

ಪ್ರಶ್ನೆ ಕೇಳಿದವರು: ಪಂಪು ಬಿಟ್ಟೆ. ಆದರೂ ಶೆಡ್ಡಿನಲ್ಲಿ ಒಂದು ಮಾಮೂಲಿ ಪ್ಲಗ್ ಪಾಯಿಂಟ್ ಇರಲಿ ಅಂತ ಯಜಮಾನ್ರು ಹಟ ಹಿಡಿದಿದ್ದಾರೆ. ಹಾಕಲೇಬೇಕು ಅಂದರೆ ಹೇಗೆ?

ಉತ್ತರ: ಹಾಕಲೇಬೇಕೆಂದರೆ 16 ಸ್ಕ್ವೇರ್ ಎಂಎಂನ ಮೂರು ಕೋರಿನ ಅಲ್ಯೂಮಿನಿಯಂ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್. ಇದರಲ್ಲಿ ಹೋಗಿಬರುವ ದಾರಿ 1.15 ಓಮ್ ಮಾತ್ರ. ಎರಡೂವರೆ ಅಡಿ ಗುಂಡಿ ತೋಡಿ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಮಧ್ಯೆ ಜಾಯಿಂಟ್ ಬೇಡ, ಇಡೀ ಉದ್ದ ಒಂದೇ ತುಂಡು ತನ್ನಿ. ಮನೆ ತುದಿಯಲ್ಲಿ 100 ಮಿಲಿಆಂಪಿನ, ತಡವಾಗಿ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್ಚು). ಶೆಡ್ಡಿನಲ್ಲಿ 30 ಮಿಲಿಆಂಪಿನದು. ಮೊದಲು ಬೀಳುವುದು ಶೆಡ್ಡಿನದಾಗಿರಬೇಕು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಅವತ್ತೇ ಬದಲಿಸಿ.

ಶೆಡ್ಡಿಗೆ ಬೇರೆ ಅರ್ಥ್ ಪಿಟ್ ಬೇಕು. ನಮ್ಮದು ಜಂಬಿಟ್ಟಿಗೆ ಮಣ್ಣು, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಒಂದು ಪೈಪಿಗೆ ಅರ್ಥ್ ರೆಸಿಸ್ಟೆನ್ಸಿನ ರೀಡಿಂಗ್ ಸಾಕಷ್ಟು ಕಡಿಮೆ ಬರದಿದ್ದರೆ ಇನ್ನೊಂದು ಹಾಕಿಸಿ. ಅಳೆದು ತೋರಿಸದ ಎಲೆಕ್ಟ್ರಿಷಿಯನ್‌ಗೆ ಪೂರ್ತಿ ದುಡ್ಡು ಕೊಡಬೇಡಿ. ಪ್ಲಗ್ಗು ಶೆಡ್ಡಿನ ಗೋಡೆಯಲ್ಲೇ ನಿಲ್ಲಬೇಕು. ಅಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಜೆಟ್ಟಿ ಮೇಲೆ ಇಟ್ಟರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಕೆಲಸಕ್ಕೆ ಮೊದಲು ಮೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಲೋಡ್ ಬಗ್ಗೆ ಕೇಳಿ. ನೀರು ನಿಲ್ಲುವ ಜಾಗ ಯಾರ ಹೆಸರಿನಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಯಜಮಾನ್ರಿಗೆ ತೋರಿಸಿದೆ. 300 ಮೀಟರ್ ಗುಂಡಿ ಅಂದ ಕೂಡಲೇ ಸೋಲಾರೇ ಇರಲಿ ಅಂದರು! ಬ್ಯಾಟರಿ ಎಲ್ಲಿ ಇಡಲಿ? ಬೇಸಿಗೆಯಲ್ಲಿ ನೀರು ತುಂಬಾ ದೂರ ಇಳಿಯುತ್ತದೆ, ಜೆಟ್ಟಿಯನ್ನು ಹಿಂದೆಯೇ ಎಳೆದುಕೊಂಡು ಹೋಗುತ್ತೇವೆ.

ಉತ್ತರ: ಬ್ಯಾಟರಿ, ಪ್ಯಾನೆಲ್ ಎರಡೂ ಶೆಡ್ಡಿನಲ್ಲೇ. ಅಣೆಕಟ್ಟಿನ ಪೂರ್ತಿ ಮಟ್ಟ 1,819 ಅಡಿ. ಡ್ಯಾಮ್ ತುಂಬಿದ ವರ್ಷ ನೀರು ನಿಂತ ಗುರುತು ನಿಮ್ಮ ದಡದ ಮರಗಳ ಬುಡದಲ್ಲಿ ಇರುತ್ತದೆ. ಅದಕ್ಕಿಂತ ಆಳೆತ್ತರ ಮೇಲಿರಲಿ. ಪೆಟ್ಟಿಗೆಗೆ ಗಾಳಿಗಿಂಡಿ ಬಿಡಿ, ಗಿಂಡಿಗೆ ಜಾಲರಿ ಹೊಡೆಯಿರಿ, ಇಲ್ಲದಿದ್ದರೆ ಹೆಗ್ಗಣ ವೈರು ಕಡಿಯುತ್ತದೆ. ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ ಫ್ಯೂಸ್ ಹಾಕಲು ಮರೆಯಬೇಡಿ. ಜೆಟ್ಟಿ ನೀರಿನ ಹಿಂದೆ ಹೋದಾಗ ಅದರ ಲೈಟಿಗೆ ವೈರು ಬೇಡ, ಒಳಗೇ ಬ್ಯಾಟರಿ ಇರುವ ಚಿಕ್ಕ ಸೋಲಾರ್ ಲೈಟು ಎರಡು ಸಿಕ್ಕಿಸಿ.