ಸಹಾಯ ಬೇಕು: ಕಚ್ಚಾ ಗ್ಲಿಸರಾಲ್‌ನಲ್ಲಿ ಯೀಸ್ಟ್ ಬೆಳೆಯುತ್ತೆ, ಲೈಪೇಸ್ ಉಳಿಯಲ್ಲ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಹೊಂಗೆ ಬಯೋಡೀಸೆಲ್ ಮಾಡಿದಾಗ ತಳದಲ್ಲಿ ಉಳಿಯೋ ಗ್ಲಿಸರಾಲ್ ಮೇಲೆ ಯಾರೋವಿಯಾ ಲಿಪೊಲಿಟಿಕಾ ಯೀಸ್ಟ್ ಬೆಳೆಸಿ ಲೈಪೇಸ್ (ಕೊಬ್ಬು ಒಡೆಯೋ ಕಿಣ್ವ) ತೆಗೀತಿದ್ದೀನಿ. 100 ಕೆಜಿ ಬಯೋಡೀಸೆಲ್‌ಗೆ ಹತ್ತಿರಹತ್ತಿರ 10 ಕೆಜಿ ಗ್ಲಿಸರಾಲ್ ಬರುತ್ತೆ. ಶುದ್ಧ ಮಾಡೋ ಖರ್ಚು ನೋಡಿದ್ರೆ ಸಣ್ಣ ಘಟಕದವರಿಗೆ ಅದೊಂದು ತಲೆನೋವೇ.

ನಮಗೆ ಸಿಕ್ಕಿರೋದು ಕಾಕಂಬಿ ಥರ ಕಪ್ಪಗೆ, ಮಂದವಾಗಿದೆ. ಸೋಪು, ಮೆಥನಾಲ್, ಪೊಟ್ಯಾಶಿಯಂ ಎಲ್ಲಾ ಸೇರಿಕೊಂಡಿದೆ. ಆಸಿಡ್ ಹಾಕಿದ್ರೆ ಸೋಪು ಒಡೆದು ಕೊಬ್ಬಿನಾಮ್ಲ ಮೇಲೆ ತೇಲುತ್ತೆ, ಅದನ್ನ ತೆಗೆದು, ಮೆಥನಾಲ್ ಆವಿ ಮಾಡಿ ಬಳಸ್ತೀನಿ. ಇಲ್ಲಿವರೆಗೆ ತೊಂದರೆ ಇಲ್ಲ.

ತೊಂದರೆ ಆಮೇಲಿಂದು. ಮೊದಲನೇ ದಿನದ ದ್ರವವನ್ನ ಟ್ರೈಬ್ಯೂಟಿರಿನ್ (ಒಂದು ಕೊಬ್ಬು) ಬೆರೆಸಿದ ಅಗಾರ್ ಪ್ಲೇಟ್‌ನ ಕುಳಿಗೆ ಹಾಕಿದ್ರೆ ಅದರ ಸುತ್ತ ಚೆನ್ನಾಗಿ ತಿಳಿ ವಲಯ ಬರುತ್ತೆ, ಅಂದ್ರೆ ಲೈಪೇಸ್ ಕೆಲಸ ಮಾಡ್ತಿದೆ. ಮೂರನೇ ದಿನದ್ದಕ್ಕೆ ಬರೋದೇ ಇಲ್ಲ, ಯೀಸ್ಟ್ ಮಾತ್ರ ಹುಲುಸಾಗಿ ಬೆಳೆದಿರುತ್ತೆ! ಅಷ್ಟೊತ್ತಿಗೆ ಪಿಎಚ್ 6ರಿಂದ 4ರ ಕೆಳಗೆ ಇಳಿದಿರುತ್ತೆ. ನೈಟ್ರೋಜನ್ ಖಾಲಿಯಾದ್ರೆ ಈ ಯೀಸ್ಟ್ ಸಿಟ್ರಿಕ್ ಆಮ್ಲ ಬಿಡುತ್ತೆ, ನನ್ನ ಅನುಮಾನ ಅದರ ಮೇಲೆ. ಪ್ರೋಟೀನ್ ಒಡೆಯೋ ಕಿಣ್ವ ಪ್ರೋಟಿಯೇಸೇ ಲೈಪೇಸನ್ನ ತಿಂದುಹಾಕ್ತಿದೆ ಅಂತಾರೆ ನಮ್ಮ ಮೇಡಂ. ಎರಡೂ ಇರಬಹುದು.

ಪಿಎಚ್ ತಾನಾಗಿ ಹಿಡಿದಿಡೋ ಫರ್ಮೆಂಟರ್ ಇಲ್ಲ, ಫ್ಲಾಸ್ಕ್ ಮತ್ತು ಶೇಕರ್ ಅಷ್ಟೇ. ಪಿಎಚ್ ಹಿಡಿದಿಡೋಕೆ ಫಾಸ್ಫೇಟ್ ಬಫರ್ ಸಾಕಾ, ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕ್ಬೇಕಾ? ತೆಗೆದ ಕೊಬ್ಬಿನಾಮ್ಲವನ್ನೇ ಸ್ವಲ್ಪ ವಾಪಸ್ ಹಾಕಿದ್ರೆ ಲೈಪೇಸ್ ಹೆಚ್ಚುತ್ತಾ? ಹೊಂಗೆ ಎಣ್ಣೇಲಿ ಓಲಿಕ್ ಆಮ್ಲವೇ ಜಾಸ್ತಿ, ಅದು ಈ ಯೀಸ್ಟ್‌ನ ಲೈಪೇಸ್ ಹೆಚ್ಚಿಸುತ್ತೆ ಅಂತಾರೆ, ಅದಕ್ಕೇ ಕೇಳಿದ್ದು. ಪ್ರೋಟಿಯೇಸ್ ಇದೆಯಾ ಅಂತ ನೋಡೋಕೆ ಹಾಲಿನ ಅಗಾರ್ ಪ್ಲೇಟ್ ಸಾಕಾಗುತ್ತಾ? ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ.